ಮೂರು ನೀರಿನ ಅರಿವಿ

ತೊಳೆದ ಅರಿವಿಯೆಲ್ಲ ಸ್ವಚ್ಛವಲ್ಲ. ಕಣ್ಣಿಗೆ ಕಾಣದಷ್ಟು ಔಷಧಿಯ ಪುಡಿ ಅದರ ಎಳೆಗಳಲ್ಲಿ ಕೂತಿರುತ್ತದೆ, ಮುಂದೆ ಒರೆಸಿದ ಜಾಗದಲ್ಲಿ ಇಳಿಯುತ್ತದೆ. ಗುಳಿಗೆ ಮಾಡಿಸುವವರಿಗೆ ಇದು ಗೊತ್ತಿರಲೇಬೇಕಿತ್ತು. ಒರೆಸುವವಳಿಗೆ ಹೇಳಿದವರಿರಲಿಲ್ಲ.

ಲಕ್ಕುಂಡಿಯ ಮೋತಿಬಿ ಬೆಟಗೇರಿಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ, ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಊರಂಚಿನ ಸಣ್ಣ ಗುಳಿಗೆ ಕಾರ್ಖಾನೆ ಸೇರಿದಳು. ಒಂದು ಖೋಲಿಯಲ್ಲಿ ಪೆನ್ಸಿಲಿನ್ ಗುಳಿಗೆ, ಇನ್ನೊಂದರಲ್ಲಿ ಜ್ವರದ ಗುಳಿಗೆ. ಪುಡಿ ಹರಡುವ ತಟ್ಟೆಗಳನ್ನು ಒರೆಸಲು ಎರಡಕ್ಕೂ ಸೇರಿ ಒಂದೇ ಅರಿವಿ, ಒಂದೇ ಬಕೀಟು.

"ಸಾಹೇಬ್ರ, ಮನ್ಯಾಗ ಒಲಿಕಟ್ಟಿಗೊಂದು, ಬಚ್ಚಲಕ್ಕೊಂದು ಅರಿವಿ ಇರತಾವ್ರಿ. ಇಲ್ಲಿ ಎರಡೂ ಖೋಲಿಗೆ ಒಂದ ಏನ್ರಿ?" ಎಂದು ಮೇಲ್ವಿಚಾರಕ ತಿರಕಪ್ಪನನ್ನು ಕೇಳಿದ್ದಳು.

"ಅರಿವಿಗೂ ಜಾತಿ ಹುಡಕ್ತಿಯೇನಬೇ? ಹಿಂಡು, ಒರಸು, ಜಲ್ದಿ!"

ಹಿಂಡಿದಳು. ಆದರೂ ಮನಸ್ಸು ತಡೆಯದೆ ತಾಯಿ ಕಲಿಸಿದ್ದನ್ನು ಮಾಡಿದಳು. ಮೈಲಿಗೆಯ ಅರಿವಿಯನ್ನು ಮೂರು ನೀರಿನಲ್ಲಿ ತೊಳೆದು ಹಿಂಡಿದರೆ ಪಾಕ್, ಅಂದರೆ ಶುದ್ಧ, ಅದನ್ನುಟ್ಟು ನಮಾಜಿಗೂ ನಿಲ್ಲಬಹುದು. ನಮಾಜಿಗೆ ಸಲ್ಲುವುದು ಗುಳಿಗೆಗೆ ಸಲ್ಲದೇ? ಹಾಗಂದುಕೊಂಡು ನಾಲ್ಕು ವರ್ಷ ನೆಮ್ಮದಿಯಾಗಿದ್ದಳು.

ಪಕ್ಕದ ಮನೆಯ ಅಮೃತವ್ವ ಮಗ್ಗಕ್ಕೆ ನೂಲು ಸುತ್ತುವವಳು. ಹಿಂದೊಮ್ಮೆ ಪೆನ್ಸಿಲಿನ್ ಸೂಜಿ ಮಾಡಿಸಿಕೊಂಡು, ಮೈಯೆಲ್ಲ ಬಾತು ಸತ್ತು ಬದುಕಿದ್ದಳು. ಎಂಬತ್ತೆರಡರಲ್ಲಿ ಅವಳಿಗೆ ಜ್ವರ ಬಂದಾಗ ಮೋತಿಬಿ ಕಾರ್ಖಾನೆಯವರು ಕೊಟ್ಟಿದ್ದ ಗುಳಿಗೆ ಒಯ್ದಳು.

"ಮೋತಕ್ಕಾ, ಆ ಸುಡಗಾಡ ಪೆನ್ಸಿಲಿನ್ ಅಲ್ಲಲ್ಲ?"

"ನಿನ್ನ ಕೊಂದು ನಾ ಯಾರ ಕೂಡ ಜಗಳಾಡ್ಲಿ? ಜ್ವರದ್ದೈತಿ, ನುಂಗು."

ಅಮೃತವ್ವ ನಕ್ಕು ನುಂಗಿದಳು. ಅರ್ಧ ತಾಸಿನಲ್ಲಿ ತುಟಿ ಬಾತವು, ಉಸಿರು ಕಟ್ಟಿತು. ದವಾಖಾನೆಯಲ್ಲಿ ಡಾಕ್ಟರು "ಪೆನ್ಸಿಲಿನ್ ಏನರ ಕೊಟ್ಟಿದ್ರೇನು?" ಎಂದು ಕೇಳಿದರು. "ಇಲ್ರೀ, ಬರೇ ಜ್ವರದ ಗುಳಿಗಿ," ಎಂದ ಅಮೃತವ್ವನ ಗಂಡ ನೀಲಪ್ಪ. ಮೋತಿಬಿಗೆ ಆ ಅರಿವಿ ಕಣ್ಮುಂದೆ ಬಂತು. ಹೇಳಿದರೆ ಕೆಲಸ ಹೋಗುತ್ತಿತ್ತು. ಬಾಯಿ ಬಿಡದೆ ನಿಂತಳು. ಅಮೃತವ್ವ ಉಳಿಯಲಿಲ್ಲ.

ಹೇಳಿದ್ದರೆ ಅವಳು ಉಳಿಯುತ್ತಿದ್ದಳೋ ಇಲ್ಲವೋ. ಅದೇ ಗುಳಿಗೆಯ ಪೆಟ್ಟಿಗೆಗಳು ಮರುದಿನ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಸ್ಸು ಹತ್ತುವುದಾದರೂ ನಿಲ್ಲುತ್ತಿತ್ತು.

ಮೂರನೆಯ ದಿನ ಮೋತಿಬಿ ತನ್ನ ಎರಡು ಸೀರೆ ಹರಿದು ತಂದಳು. ಕೆಂಪಂಚಿನದು ಒಂದು ಖೋಲಿಗೆ, ಹಸಿರಂಚಿನದು ಇನ್ನೊಂದಕ್ಕೆ. ಮನೆಯಿಂದ ಬಕೀಟೂ ಒಂದು ತಂದಿದ್ದಳು.

"ಯಾರ ಅಪ್ಪಣಿ ಇದು?" ಎಂದ ತಿರಕಪ್ಪ.

"ಅಮೃತವ್ವಂದ್ರಿ."

ತಿರಕಪ್ಪ ಬಕೀಟು ದಾಟಿಕೊಂಡು ಮುಂದೆ ಹೋದ. ಮಾಲೀಕರು ಬಂದೂ ನೋಡಲಿಲ್ಲ. ಎಂಬತ್ತೊಂಬತ್ತರಲ್ಲಿ ಕಾರ್ಖಾನೆ ಮುಚ್ಚಿ, ಕೆಲಸ ಹೋದ ಮೇಲೆ ಅವಳಿಗೆ ಬಾಯಿ ಬಂತು. ನೀಲಪ್ಪನ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಅವನು ಬಯ್ಯಲಿಲ್ಲ. "ಅವತ್ತ ಹೇಳಬೇಕಾಗಿತ್ತು, ಮೋತಕ್ಕಾ," ಎಂದು ಒಳಗೆ ಎದ್ದುಹೋದ. ಬೈದಿದ್ದರೆ ಹಗುರಾಗುತ್ತಿತ್ತು ಅವಳಿಗೆ.

ನಿಮ್ಮೂರಲ್ಲೂ ಗುಳಿಗೆ ಕಾರ್ಖಾನೆ ಇದ್ದೀತು. ನಾಳೆ ಹೋಗಿ. ಸಾಹೇಬರನ್ನಲ್ಲ, ಒರೆಸುವವಳನ್ನು ಕೇಳಿ, ಎಷ್ಟು ಅರಿವಿ ಕೊಟ್ಟಿದ್ದಾರೆಂದು. ಒಂದೇ ಎಂದಳೋ, ಎರಡನೆಯದು ಅವಳ ಕೈಗೆ ಬರುವವರೆಗೆ ಆ ಬಾಗಿಲು ಬಿಟ್ಟು ಕದಲಬೇಡಿ.