ಕತ್ತಲೆ ಸ್ಟಾಪ್

ನಮ್ಮ ಓಣಿಯ ತಿರುವಿನಲ್ಲಿದ್ದ ಬೀದಿದೀಪವನ್ನು ಒಬ್ಬರ ನಿದ್ದೆಗಾಗಿ ಆರಿಸಲಾಯಿತು. ಬೆಳಕು ತಮ್ಮ ಮಲಗುವ ಕೋಣೆಯ ಕಿಟಕಿಗೆ ಬೀಳುತ್ತದೆ ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಯಾರಿಗೋ ಹೇಳಿದರು; ಯಾರೋ ಏಣಿ ತಂದು ಬಲ್ಬು ಬಿಚ್ಚಿಕೊಂಡು ಹೋದರು. ಕಿಟಕಿಗೊಂದು ದಪ್ಪ ಪರದೆ ಹಾಕಬಹುದಿತ್ತು. ಆದರೆ ಪರದೆಗೆ ಅವರ ಜೇಬಿನಿಂದ ಹೋಗಬೇಕು, ಕತ್ತಲೆ ಓಣಿಗೆಲ್ಲ ಪುಕ್ಕಟೆ. ಅವರ ಕಾಂಪೌಂಡ್ ಗೋಡೆ ಓಣಿಯಲ್ಲೇ ಉದ್ದನೆಯದು. ಹೊತ್ತು ಮುಳುಗಿದ ಮೇಲೆ ಆ ಗೋಡೆಯ ಪಕ್ಕ ನಡೆಯುವವರಿಗೆ ತಮ್ಮ ಕಾಲು ತಮಗೇ ಕಾಣುತ್ತಿರಲಿಲ್ಲ.

ಹಾಗೆ ನಡೆಯಲೇಬೇಕಾದವಳು ಕೊನೆಯ ಮನೆಯ ಕಂಡಕ್ಟರಮ್ಮ. ಹುಟ್ಟಿದಾಗ ಇಟ್ಟ ಹೆಸರೊಂದು ಇದ್ದೀತು, ಓಣಿಯಲ್ಲಿ ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಸಿಟಿ ಬಸ್ಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವ ಕೆಲಸ. ಬಸ್ಸು ಎಷ್ಟು ಕುಲುಕಿದರೂ ಕಂಬಿ ಹಿಡಿಯದೆ ನಿಲ್ಲುತ್ತಾಳೆ. ಮನೆಯಲ್ಲೂ ಬಸ್ಸಿನ ಮಾತು ಬಿಟ್ಟಿಲ್ಲ. ಅವಳ ಅತ್ತೆ ನನ್ನ ಬಳಿ ದೂರುವುದುಂಟು: "ನೆಂಟರು ಬಂದು ಊಟಕ್ಕೆ ಕೂತ್ರೆ ಇವಳು 'ಒಳಗೆ ಸರೀರಿ, ಒಳಗೆ ಜಾಗ ಇದೆ' ಅಂತಾಳೆ ಮೇಡಂ. ಇನ್ನೇನು ಟಿಕೆಟ್ ಹರಿಯೋದೊಂದು ಬಾಕಿ." ಗಂಡ ಬೇಕರಿಯಲ್ಲಿ ರಾತ್ರಿ ಪಾಳಿಯವನು, ಅವಳು ಮನೆ ಸೇರುವ ಮೊದಲೇ ಹೊರಟಿರುತ್ತಾನೆ. ಅತ್ತೆಗೆ ಮಂಡಿ ಮಡಿಸಲಾಗದು, ಮೆಟ್ಟಿಲು ಇಳಿಯಲಾಗದು. ಹೀಗಾಗಿ ಎರಡು ತುಂಬಿದ ಮಗಳು ಹಗಲೆಲ್ಲ ಶಿಶುವಿಹಾರದಲ್ಲಿ. ಆ ಮಗುವಿಗೆ ಅಜ್ಜಿ ಇಟ್ಟ ಅಡ್ಡಹೆಸರು ಮೆಣಸು. ಗಾತ್ರ ನೋಡಿ ಮೋಸ ಹೋಗಬಾರದು ಎಂದು ಅದರರ್ಥ.

ಡ್ಯೂಟಿ ಮುಗಿಸಿ ಮೆಣಸನ್ನು ಕರೆದುಕೊಂಡು ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಬಲ್ಬು ಬಿಚ್ಚಿದ ದಿನ ಸಂಜೆ ಮಗು ನನ್ನ ಗೇಟು ದಾಟಿ, ತಿರುವಿನ ಹತ್ತಿರ ಬಂದು, ನೆಲದ ಮೇಲೆ ಕೂತುಬಿಟ್ಟಿತು. "ಬೇಡ. ಕಪ್ಪು ಬೇಡ." ತಾಯಿ ಮೊಬೈಲಿನ ಬೆಳಕು ಬಿಟ್ಟಳು. ಗೋಡೆಯ ಮೇಲೆ ಗಿಡದ ನೆರಳು ಉದ್ದುದ್ದ ಕೈ ಚಾಚಿತು. ಮಗು ಇನ್ನಷ್ಟು ಕಿರುಚಿತು. ಕೊನೆಗೆ ಎತ್ತಿಕೊಂಡು ನಡೆದಳು. ಮರುದಿನವೂ ಎತ್ತಿಕೊಂಡಳು. ಅದರ ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ನಿಂತು ನಿಂತು ಅವಳ ಬೆನ್ನಿನ ಕೆಳಭಾಗ ಆಗಲೇ ಹಾಳಾಗಿತ್ತು. ಭಾರ ಎತ್ತಲೇ ಕೂಡದೆಂದು ಡಾಕ್ಟರು ಹೇಳಿದ್ದರು. ರಜೆ ಹಾಕಿದಳು. ಡಿಪೋದವರು, ಇನ್ನೂ ಕಾಯಂ ಆಗದವರು ಹೀಗೆ ರಜೆ ಹಾಕಿದರೆ ಬಸ್ಸಿಗೆ ಬೇರೆಯವರನ್ನು ಹಾಕಬೇಕಾಗುತ್ತದೆ ಎಂದರು. ಬಳಸಿಕೊಂಡು ಹೋಗಲು ಇನ್ನೊಂದು ದಾರಿ ಇದೆ: ಲಾರಿಗಳ ಹೆದ್ದಾರಿ, ಪಕ್ಕದಲ್ಲಿ ಕಾಲಿಡಲೂ ಜಾಗವಿಲ್ಲ. ಅಂದರೆ ವಿಷಯ ಇಷ್ಟೇ. ಆ ಗೋಡೆಯ ಪಕ್ಕದ ಕತ್ತಲಲ್ಲಿ ಮೆಣಸು ತನ್ನ ಕಾಲ ಮೇಲೆ ನಡೆದರೆ ತಾಯಿಯ ಕೆಲಸ ಉಳಿಯುತ್ತದೆ, ಕೂತರೆ ಹೋಗುತ್ತದೆ. ಒಬ್ಬ ಮನುಷ್ಯನ ನಿದ್ದೆಯ ಬೆಲೆ ಇದು.

ಅವಳು ಕೆಲಸಕ್ಕೆ ಮರಳಿದ ದಿನ ಸಂಜೆ ನಾನು ಗೇಟಿನಲ್ಲೇ ಇದ್ದೆ. ಮಗು ಅದೇ ಜಾಗದಲ್ಲಿ ಕೂತಿತು. ತಾಯಿ ಗದರಲಿಲ್ಲ, ಮುದ್ದಿಸಲೂ ಇಲ್ಲ. ಚೀಲದಿಂದ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು ಮಗುವಿನ ಕೈಗಿತ್ತಳು.

"ಡ್ರೈವರ್ ಸಾಹೇಬ್ರೇ, ಬಸ್ಸು ಯಾಕೆ ನಿಲ್ಸಿದ್ದೀರಿ? ಪ್ಯಾಸೆಂಜರ್ ಎಲ್ಲಾ ಬೈತಿದಾರೆ. ಹಿಡೀರಿ ಸ್ಟೇರಿಂಗು."

"ನಾನು ಡೈವರ್?"

"ಮತ್ತಿನ್ಯಾರು? ನಾನು ಬರೀ ಕಂಡಕ್ಟರ್. ನಂಗೆ ಓಡ್ಸಕ್ಕೆ ಬರಲ್ಲಪ್ಪ."

ಕೊರಳಿನ ಸೀಟಿ ಎರಡು ಸಲ ಊದಿದಳು. ಮೆಣಸು ಎದ್ದಿತು. ಮುಚ್ಚಳ ತಿರುಗಿಸುತ್ತ, ಬಾಯಲ್ಲಿ ಎಂಜಿನ್ನು ಗುರುಗುಟ್ಟಿಸುತ್ತ ಕತ್ತಲೊಳಗೆ ನಡೆಯಿತು. ಒಂದೇ ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಆ ವಯಸ್ಸಿಗೆ ಇಷ್ಟು ನಿಯಮ ಸಾಕು. ಸಂಘದ ಸದಸ್ಯರಿಗೆ ಇದಕ್ಕಿಂತ ಕಡಿಮೆ ನಿಯಮಗಳೂ ತಲೆಗೆ ಹತ್ತುವುದಿಲ್ಲ.

ವಾರ ಕಳೆಯುವುದರೊಳಗೆ ಓಣಿಯ ತುಂಬ ಸ್ಟಾಪುಗಳಾದವು. ಮೊದಲಿನದು ತೊಟ್ಟಿಕ್ಕುವ ನಲ್ಲಿ ಸ್ಟಾಪ್. ಆಮೇಲೆ ಕೆಮ್ಮೋ ತಾತ ಸ್ಟಾಪ್, ಮೂರು ಬೆಕ್ಕು ಸ್ಟಾಪ್. ನನ್ನ ಗೇಟು ಬೈಯೋ ಅಜ್ಜಿ ಸ್ಟಾಪ್. ನಾನು ಆಕ್ಷೇಪಿಸಲಿಲ್ಲ, ಗುರುತು ಸರಿಯಾಗಿಯೇ ಇತ್ತು. ಪ್ರತಿ ಸ್ಟಾಪಿನಲ್ಲೂ ಕಣ್ಣಿಗೆ ಕಾಣದ ಪ್ರಯಾಣಿಕರು ಹತ್ತುತ್ತಿದ್ದರು. "ಕಪ್ಪೆ ಅಂಕಲ್, ಬಾಗಲಲ್ಲಿ ನಿಲ್ಬೇಡಿ. ಬಾವಲಿ ಮೇಡಂ, ತಲೆಕೆಳಗಾಗಿ ನೇತಾಡೋರಿಗೂ ಫುಲ್ ಟಿಕೆಟ್ಟೇ!" ಮೆಣಸು ನಗುತ್ತ ಮುಚ್ಚಳ ಬೀಳಿಸುತ್ತಿತ್ತು, ಕತ್ತಲಲ್ಲಿ ತಡಕಿ ತಾನೇ ಹುಡುಕಿಕೊಳ್ಳುತ್ತಿತ್ತು.

ತಿರುವಿಗೆ ಬಂದಾಗ ಗುರುತು ಹಿಡಿಯಲು ಏನೂ ಇರಲಿಲ್ಲ. "ಇದು ಯಾವ ಸ್ಟಾಪ್?" ಎಂದು ತಾಯಿ ಕೇಳಿದಳು. ಮಗು ಸುತ್ತಲೂ ನೋಡಿ, ಕಂಡದ್ದನ್ನೇ ಹೇಳಿತು: "ಕತ್ತಲೆ ಸ್ಟಾಪ್." ಅಲ್ಲಿ ಎಂಜಿನ್ ಆಫ್. ಕಣ್ಣು ಮುಚ್ಚಿ ಗೋಡೆಗೆ ಕೆನ್ನೆ ಒತ್ತಬೇಕು. ಹಗಲಿನ ಬಿಸಿಲು ಕಲ್ಲಿನಲ್ಲಿ ಇನ್ನೂ ಇರುತ್ತಿತ್ತು. "ಬೆಚ್ಚಗಿದೆ," ಎಂದು ಮಗು ಪಿಸುಗುಟ್ಟುತ್ತಿತ್ತು. ಕಣ್ಣು ಬಿಟ್ಟಾಗ ಕತ್ತಲೆ ಅಷ್ಟು ಕಪ್ಪಾಗಿರುತ್ತಿರಲಿಲ್ಲ; ಕಲ್ಲು, ಎಲೆ, ತಾಯಿಯ ಚೀಲ, ಒಂದೊಂದಾಗಿ ಕಾಣುತ್ತಿದ್ದವು. ಹೆದರಿಕೆಯ ಜಾಗವೇ ಅದಕ್ಕೆ ಎಲ್ಲಕ್ಕಿಂತ ಇಷ್ಟದ ಸ್ಟಾಪಾಯಿತು.

ಇಂಥದ್ದನ್ನು ಸಹಿಸಿಕೊಂಡರೆ ಅದು ಸಂಘವೇ? ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಕರೆದರು.

"ನೋಡಮ್ಮಾ," ಎಂದರು ಕಾರ್ಯದರ್ಶಿ, "ಸೀಟಿ ಅಂದ್ರೆ ವಾಚ್‌ಮನ್‌ದು. ನೀವು ಊದಿದ್ರೆ ಕಳ್ಳ ಬಂದ ಅಂತ ಜನ ಗಾಬರಿಯಾಗ್ತಾರೆ."

"ಮೆಲ್ಲಗೆ ಊದ್ತೀನಿ ಸರ್."

"ಮೆಲ್ಲಗೂ ಬೇಡ, ಜೋರಾಗೂ ಬೇಡ. ಅಲ್ಲಾ, ಅಷ್ಟು ಸಣ್ಣ ಮಗುನ ಕತ್ತಲಲ್ಲಿ ಯಾಕೆ ನಡೆಸ್ಕೊಂಡು ಬರ್ತೀರಿ? ತಾಯಿ ಆದವಳು ದೀಪ ಹಚ್ಚೋ ಹೊತ್ತಿಗೆ ಮನೇಲಿರಬೇಕಪ್ಪ."

"ನಾನು ಮನೇಲಿದ್ರೆ ನಿಮ್ಮ ಸೊಸೆ ಆಫೀಸಿಂದ ಹೇಗೆ ಬರ್ತಾರೆ ಸರ್? ದಿನಾ ನನ್ನ ಬಸ್ಸೇ ಅವ್ರಿಗೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಎದ್ದು ನಿಂತೆ. "ಬಲ್ಬು ಹಾಕಿಸಿ. ಸೀಟಿ ತಾನಾಗೇ ನಿಲ್ಲುತ್ತೆ."

"ಮೇಡಂ, ಅದು ನಗರಸಭೆ ವಿಷಯ."

"ಬಿಚ್ಚಿಸೋವಾಗ ಯಾರ ವಿಷಯ ಆಗಿತ್ತು?"

ಉತ್ತರವಾಗಿ ಠರಾವು ಬಂತು. ಓಣಿಯಲ್ಲಿ ಸೀಟಿ ಊದಕೂಡದು. ಕೈ ಎತ್ತಿದವರಲ್ಲಿ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡವರೂ ಇದ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ. ಬಲ್ಬಿನ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಕತ್ತಲಲ್ಲಿ ನಡೆಯುವುದು ಅವರ ಮಕ್ಕಳಲ್ಲವಲ್ಲ, ಅವರವು ಕಾರಿನಲ್ಲಿ ಬರುತ್ತವೆ.

ಕಂಡಕ್ಟರಮ್ಮ ಸೀಟಿ ಕಳಚಿ ಚೀಲಕ್ಕೆ ಹಾಕಿದಳು. ಅದು ನನಗೆ ಸಿಟ್ಟು ತರಿಸಿತು, ಹೇಳಿಯೂ ಬಿಟ್ಟೆ. "ಇರ್ಲಿ ಬಿಡಿ ಮೇಡಂ," ಎಂದಳು. "ಸೀಟಿ ಬಿದ್ದುಹೋದ ದಿನ ಬಸ್ಸು ನಿಲ್ಲುತ್ತಾ? ಗಂಟಲಿದೆಯಲ್ಲ."

ಸಂಘದವರಿಗೆ ಕಂಡಕ್ಟರಮ್ಮನ ಗಂಟಲಿನ ಅಂದಾಜಿರಲಿಲ್ಲ. ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳಿಸಬೇಕಾದ ಗಂಟಲು ಅದು. ಸೀಟಿಗಾದರೋ ಎರಡೇ ಮಾತು ಗೊತ್ತಿತ್ತು. ಗಂಟಲು ಸ್ಟಾಪಿನ ಹೆಸರು ಕೂಗುತ್ತಿತ್ತು. "ಯಾರ್ರೀ ಕತ್ತಲೆ ಸ್ಟಾಪ್! ಕತ್ತಲೆ ಸ್ಟಾಪ್ ಇಳಿಯೋರು ಮುಂದೆ ಬನ್ನಿ!" ಹಿಂದೆಯೇ ಮೆಣಸಿನ ಕೀರಲು ದನಿ: "ಕತ್ಲೆ ಟಾಪ್! ಕತ್ಲೆ ಟಾಪ್!" ಮಾತಿನ ಮೇಲೆ ಠರಾವು ಇರಲಿಲ್ಲ.

ಹೆಸರು ಹಬ್ಬಿತು. ಶಿಶುವಿಹಾರದ ಆಯಾ ಮೊದಲು ಹೇಳಿದಳು. ತರಕಾರಿ ಗಾಡಿಯವನು ಹಿಡಿದುಕೊಂಡ. ಗ್ಯಾಸ್ ಸಿಲಿಂಡರಿನವನು ನನ್ನ ಗೇಟಿನಲ್ಲಿ ನಿಂತು, "ಅಮ್ಮಾ, ಇನ್ನೊಂದು ಕತ್ತಲೆ ಸ್ಟಾಪ್ ಮನೆಗೆ ಅಲ್ವಾ?" ಎಂದು ಕೇಳಿದ. ಹೌದೆಂದೆ. ಕಾರ್ಯದರ್ಶಿಯ ಗೇಟಿನಲ್ಲಿ ಪದವಿಗಳ ಸಮೇತ ಹೆಸರು ಕೊರೆಸಿದ ಹಿತ್ತಾಳೆ ಫಲಕವಿದೆ. ಸಂಜೆ ಅದನ್ನು ಓದುವವರು ಯಾರು? ಓದಲು ಬೆಳಕು ಬೇಕು.

ಒಂದು ದಿನ ಅವರ ಅಕ್ಕ ಬೇರೆ ಊರಿನಿಂದ ಬಂದರು. ಆಟೋದವನಿಗೆ ವಿಳಾಸ ಹೇಳಿದ್ದೇ ತಡ, ಅವನು "ಓ, ಕತ್ತಲೆ ಸ್ಟಾಪಾ, ಕೂತ್ಕೊಳ್ಳಿ" ಎಂದನಂತೆ. ಆಕೆ ಗೇಟು ತೆರೆಯುತ್ತಲೇ ಓಣಿಗೆಲ್ಲ ಕೇಳುವಂತೆ ನಕ್ಕರು. "ಏನೋ ಇದು, ಅಷ್ಟೆಲ್ಲಾ ಓದಿ ಕೊನೆಗೆ ಈ ಹೆಸರು ಸಂಪಾದಿಸಿದ್ಯಾ?"

ಆ ಸಂಜೆ ಕಾರ್ಯದರ್ಶಿ ತಿರುವಿನಲ್ಲಿ ಕಾದು ನಿಂತಿದ್ದರು. "ನೋಡಮ್ಮಾ, ಮಗುಗೆ ಹೇಳಿ ಆ ಹೆಸರು ಬಿಡ್ಸಿ. ಬೇಕಾದ್ರೆ ಸೀಟಿ ಊದ್ಕೊಳ್ಳಿ, ನಾನು ಮಾತಾಡ್ತೀನಿ ಎಲ್ಲರ ಹತ್ರ."

"ಸ್ಟಾಪಿನ ಹೆಸರು ಕಂಡಕ್ಟರ್ ಕೈಲಿಲ್ಲ ಸರ್," ಎಂದಳು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಕೆಲಸದ ಮಾತಿನಂತೆ ಹೇಳಿದಳು. "ನಮ್ಮ ರೂಟಲ್ಲಿ ಹಳೇ ಟಾಕೀಸ್ ಅಂತ ಒಂದಿದೆ. ಟಾಕೀಸ್ ಕೆಡವಿ ಯಾವ ಕಾಲ ಆಯ್ತೋ. ಬೋರ್ಡಲ್ಲಿ ದೊಡ್ಡ ಹೆಸರು ಬರ್ದಿದಾರೆ. ಅದನ್ನ ಕೂಗಿದ್ರೆ ಒಬ್ರೂ ಇಳಿಯಲ್ಲ. ಜನ ಏನಂತಾರೋ ಅದೇ."

ಮಾರನೆಯ ದಿನವೇ ಏಣಿ ಬಂತು. ನಗರಸಭೆಯ ವಿಷಯ ಎಷ್ಟು ಬೇಗ ಮನೆಯ ವಿಷಯವಾಯಿತು ನೋಡಿ. ಮಗು ನಡುಗಿದಾಗ ಬರದ ಏಣಿ, ತಾಯಿ ಹಾಸಿಗೆ ಹಿಡಿದಾಗ ಬರದ ಏಣಿ, ನಾನು ಸಭೆಯಲ್ಲಿ ನಿಂತು ಕೇಳಿದಾಗ ಬರದ ಏಣಿ. ಅಕ್ಕ ನಕ್ಕದ್ದಕ್ಕೆ ಬಂತು. ಇದನ್ನು ನ್ಯಾಯವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಅಂದು ಸಂಜೆ ತಿರುವಿನಲ್ಲಿ ಮದುವೆಮನೆಯಷ್ಟು ಬೆಳಕು. ಮೆಣಸು ಮುಚ್ಚಳ ತಿರುಗಿಸುತ್ತ ಬಂದು, ಗಕ್ಕನೆ ನಿಂತು, ಹಿಂದೆ ಕೂತಿದ್ದ ಜಾಗದಲ್ಲೇ ಕೂತುಬಿಟ್ಟಿತು.

"ಏನಾಯ್ತು ಡ್ರೈವರ್ ಸಾಹೇಬ್ರೇ?"

"ನಮ್ ಟಾಪ್ ಎಲ್ಲಿ?" ಅತ್ತುಬಿಟ್ಟಿತು. "ಯಾರು ತಗೊಂಡ್ರು?"

ಕಾರ್ಯದರ್ಶಿ ಗೇಟು ತೆರೆದು ಬಂದರು. ಕೃತಜ್ಞತೆ ಸ್ವೀಕರಿಸಲು ಸಿದ್ಧವಾಗಿಯೇ ಬಂದಂತಿತ್ತು. "ಏನು ಮರೀ, ಈಗ ಭಯ ಇಲ್ಲ ಅಲ್ವಾ?"

ಮೆಣಸು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿತು. "ಕತ್ಲೆ ಟಾಪ್ ತಾತ, ದೀಪ ಆರ್ಸು."

ನಾನು ನಗಲಿಲ್ಲ. ಕಂಡಕ್ಟರಮ್ಮನೂ ನಗಲಿಲ್ಲ. ಅವಳ ಒಂದು ಕೈ ಬೆನ್ನಿನ ಮೇಲಿತ್ತು. ಕೂತ ಮಗುವನ್ನು ಎತ್ತುವ ಹಾಗಿಲ್ಲ. ನಾಳೆ ಬೆಳಿಗ್ಗೆ ಡ್ಯೂಟಿ ಇದೆ. ದೀಪವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದಳು. ಗೋಡೆಯ ಮೇಲೆ ಅವಳದೇ ನೆರಳು ಗೇಟಿಗಿಂತ ಎತ್ತರವಾಗಿ ನಿಂತಿತ್ತು.

"ಅಯ್ಯೋ ನೋಡು, ಹೊಸ ಪ್ಯಾಸೆಂಜರ್ ಹತ್ತಿದಾರೆ. ಎಷ್ಟುದ್ದ ಕಾಲು! ರೀ ಸ್ವಾಮಿ, ತಲೆ ಬಗ್ಗಿಸ್ರಿ, ಚಾವಣಿ ತಾಗುತ್ತೆ."

ಅವಳು ಬಗ್ಗಿದಳು, ನೆರಳೂ ಬಗ್ಗಿತು. ಒಂದು ಕಾಲದಲ್ಲಿ ಅದೇ ಗೋಡೆಯ ನೆರಳಿಗೆ ಕಿರುಚಿದ್ದ ಮಗು ಕಣ್ಣೊರೆಸಿಕೊಂಡು ಎದ್ದಿತು. "ಟಿಕೆಟ್ ತಗೊಂಡ್ರಾ?" ಎಂದು ಕೇಳಿತು.

"ಕೇಳ್ತೀನಿ. ನೀನು ಬಸ್ಸು ಬಿಡು." ಕಾರ್ಯದರ್ಶಿಯ ಕಡೆ ತಿರುಗಿ, "ಸರ್, ಸ್ವಲ್ಪ ಪಕ್ಕಕ್ಕೆ. ಬಸ್ಸು ಹೊರಡ್ತಿದೆ," ಎಂದಳು.

ಅವರು ಪಕ್ಕಕ್ಕೆ ಸರಿದರು. ದೀಪ ಈಗಲೂ ಉರಿಯುತ್ತಿದೆ, ಅವರ ಕಿಟಕಿಗೆ ದಪ್ಪ ಪರದೆ ಬಂದಿದೆ. ಆಟೋದವರು ಮಾತ್ರ ಇಂದಿಗೂ ಆ ಜಾಗವನ್ನು ಕತ್ತಲೆ ಸ್ಟಾಪ್ ಎಂದೇ ಕರೆಯುತ್ತಾರೆ.