ಗೋಡೆಗೆ ಜ್ವರ ನೋಡುತ್ತಿದ್ದ ಜಯಮ್ಮ

ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಜಯಮ್ಮನವರು ಸ್ವಿಚ್‌ಬೋರ್ಡ್ ಮುಟ್ಟಿ ನೋಡುತ್ತಿದ್ದರು, ಬಲಗೈಯ ಹಿಂಬದಿಯಿಂದ. ಸಂಜೆ ದೀಪ ಹಚ್ಚಿದ ಮೇಲೆ ಮೊದಲು ತಮ್ಮ ಮನೆಯವು, ಆಮೇಲೆ ಅದೇ ಮನೆಯ ಪಕ್ಕದ ಭಾಗದಲ್ಲಿ ಬಾಡಿಗೆಗಿದ್ದ ನಮ್ಮವು. "ತಣ್ಣಗಿದೆ" ಎಂದು ತಮಗೇ ಹೇಳಿಕೊಂಡು ಹೋಗುವರು. ಬೆಚ್ಚಗಿದ್ದ ದಿನ ನನಗೆ ಬೈಗುಳ: "ಮತ್ತೆ ಇಸ್ತ್ರಿ ಹಾಕಿದ್ಯಾ? ನಿನ್ ಸೀರೆ ಗರಿಗರಿ ಇಲ್ದಿದ್ರೆ ಆಫೀಸ್ನೋರು ಒಳಕ್ಕೆ ಬಿಡಲ್ವಾ?"

ಹಲಸೂರಿನ ಆ ಮನೆಗೆ ವೈರು ಎಳೆದವರು ಅವರ ಗಂಡ ನಾರಾಯಣಪ್ಪ. ತಾಮ್ರ ದುಬಾರಿಯಾಗಿದ್ದ ಕಾಲದಲ್ಲಿ ಅಲ್ಯೂಮಿನಿಯಂ ತಂದು, ಮರದ ಪಟ್ಟಿಯ ಮೇಲೆ ಸಾಲಾಗಿ ಕ್ಲಿಪ್ಪು ಹೊಡೆದು, ಸ್ವಂತ ಕೈಯಿಂದ ಎಳೆದದ್ದು. ಬಂದವರಿಗೆಲ್ಲ ತೋರಿಸುತ್ತಿದ್ದರು, ಜಯಮ್ಮ ಪಕ್ಕದಲ್ಲಿ ನಿಂತು ಹೂಂಗುಟ್ಟುತ್ತಿದ್ದರು. ಗಂಡನ ಕೈಕೆಲಸವನ್ನು ದಿನವೂ ಪ್ರೀತಿಯಿಂದ ಮುಟ್ಟುವ ಹೆಂಗಸು ಎಂದು ನಾನೊಂದು ಕಥೆ ಕಟ್ಟಿಕೊಂಡೆ. ಚೆನ್ನಾಗಿತ್ತು, ಎಲ್ಲರಿಗೂ ಹೇಳಿದೆ.

ಒಮ್ಮೆ ನಮ್ಮ ಫ್ಯಾನು ನಿಂತಿತು. ಶಿವಾಜಿನಗರದಿಂದ ಬಂದ ಎಲೆಕ್ಟ್ರಿಷಿಯನ್ ಜಬ್ಬಾರ್ ಗಂಡ ಹೆಂಡತಿ ಇಬ್ಬರ ಎದುರಿಗೇ ಬೋರ್ಡು ಬಿಚ್ಚಿ ವೈರು ತುಸು ಬಗ್ಗಿಸಿದ್ದೇ ತುದಿ ಮುರಿದು ಕೈಗೆ ಬಂತು.

"ಪೂರಾ ತೆಗ್ದ್ಬಿಡಿ ಸಾರ್. ಮುಟ್ಟಿದ್ರೆ ಮುರೀತದೆ."

"ನೀನ್ ಹುಟ್ಟೋಕ್ ಮುಂಚೆ ಎಳೆದಿದ್ದು ಕಣಯ್ಯಾ. ಫ್ಯಾನ್ ತಿರುಗಿಸ್ಬಿಟ್ಟು ನಡಿ," ಎಂದರು ನಾರಾಯಣಪ್ಪ.

ಜಬ್ಬಾರ್ ಜಯಮ್ಮನ ಮುಖ ನೋಡಿದ. ಅವರು ಅಡುಗೆಮನೆಗೆ ಹೋಗಿಬಿಟ್ಟರು.

ಕೆಲವು ವರ್ಷಗಳ ಮೇಲೆ ಅವರ ಮನೆಗೆ ಫ್ರಿಜ್ಜು ಬಂತು. ನಾರಾಯಣಪ್ಪ ಯಾರನ್ನೂ ಕರೆಯದೆ ತಾವೇ ಅಟ್ಟ ಹತ್ತಿ, ಹೊಸ ತಾಮ್ರದ ವೈರನ್ನು ಹಳೆಯ ಅಲ್ಯೂಮಿನಿಯಂಗೆ ಹೊಸೆದು, ಕರಿ ಟೇಪು ಸುತ್ತಿ ಇಳಿದರು. ಎರಡನ್ನೂ ಹಾಗೆ ಹೊಸೆದರೆ ಜಾಯಿಂಟು ದಿನ ಕಳೆದಂತೆ ಸಡಿಲಾಗಿ ಬಿಸಿಯೇರುತ್ತದೆ. ಕಾದದ್ದು ಜಯಮ್ಮನ ಕೈಗೆ ಎಟುಕದ ಜಾಗದಲ್ಲಿ. ಒಂದು ಮಧ್ಯಾಹ್ನ ಅಟ್ಟದ ಹಾಸಿಗೆಗಳಿಗೆ ಬೆಂಕಿ ಹತ್ತಿತು. ಅವನ್ನು ಎಳೆದುಹಾಕಲು ಹೋಗಿ ಜಯಮ್ಮ ಬಲಗೈ ಸುಟ್ಟುಕೊಂಡರು. ಆಗ ಅಂಗಳದ ತುಂಬ ಹೊಗೆಯಿತ್ತೋ, ಹೊಗೆಯನ್ನು ನಾನು ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ನಾರಾಯಣಪ್ಪ ಎಲ್ಲರೆದುರು ಅಂದ ಮಾತು ಮಾತ್ರ ನಿಜ: "ದಿನಾ ಮುಟ್ಟಿ ನೋಡ್ತಿದ್ದೋಳು ನೀನು. ಗೊತ್ತಾಗ್ಲಿಲ್ವಾ?"

ನಾರಾಯಣಪ್ಪ ತೀರಿಕೊಂಡ ಮೇಲೆ ಜಯಮ್ಮನನ್ನು ಕೊನೆಯ ಸಲ ನೋಡಿದ್ದು ಟಿನ್ ಫ್ಯಾಕ್ಟರಿ ಹತ್ತಿರದ ಮಗಳ ಫ್ಲ್ಯಾಟಿನಲ್ಲಿ. ಕೂರುವ ಮೊದಲೇ ನನ್ನನ್ನು ಬೋರ್ಡಿನ ಬಳಿಗೆ ಎಳೆದುಕೊಂಡು ಹೋದರು. ಸುಟ್ಟ ಕೈಗೆ ಬಿಸಿ ತಿಳಿಯುತ್ತಿರಲಿಲ್ಲ. ಎಡಗೈ ಮೇಲೆ ಅವರಿಗೆ ನಂಬಿಕೆಯಿಲ್ಲ.

"ನೀನ್ ಮುಟ್ಟಿ ನೋಡೇ."

"ತಣ್ಣಗಿದೆ ಅಮ್ಮ. ಹೊಸ ಮನೆ, ಎಲ್ಲಾ ತಾಮ್ರ." ಸಮಾಧಾನವಾಗಲೆಂದು ಸೇರಿಸಿದೆ: "ಹಳೇ ಮನೇಲೂ ಎಷ್ಟು ಪ್ರೀತಿಯಿಂದ ಮುಟ್ತಿದ್ರಿ, ಯಜಮಾನ್ರ ಕೆಲ್ಸ ಅಂತ."

ದಡ್ಡಿಯನ್ನು ನೋಡುವ ಹಾಗೆ ನೋಡಿದರು.

"ಪ್ರೀತಿನಾ? ಆ ಸಾಬ್ರ ಹುಡುಗ ಹೇಳೋಕ್ ಮುಂಚೆನೇ ನಂಗೊತ್ತಿತ್ತು. ತೆಗ್ಸಿ ಅಂದಿದ್ರೆ ಆ ಮನುಷ್ಯ ನನ್ನೇ ಆಚೆ ಹಾಕ್ತಿದ್ದ. ನಿದ್ದೆ ಬರ್ಬೇಕಲ್ಲ, ಮುಟ್ತಿದ್ದೆ."

ಮುಂದಿನ ಸಲ ಹೋದಾಗ ಜಯಮ್ಮ ಇರಲಿಲ್ಲ. ಬೋರ್ಡಿನ ಸುತ್ತ ಗೋಡೆಗೆ ಹೊಸ ಬಣ್ಣ ಬಿದ್ದಿತ್ತು. "ದಿನಾ ಮುಟ್ಟಿ ಮುಟ್ಟಿ ಅಮ್ಮನ ಕೈ ಕರೆ ಹತ್ತಿತ್ತು," ಎಂದಳು ಮಗಳು. "ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ ನೋಡಿ."