ಎರಡಕ್ಕೂ ಬಲಗಡೆ ಕೆಟ್ಟಿದೆ

ಮೂರು ವರ್ಷದಿಂದ ನಾನು ನನ್ನ ಗಂಡನ ಹತ್ತಿರ ಮನಸ್ಸಿನ ಮಾತು ಆಡಿರಲಿಲ್ಲ. ಅಕ್ಕಿ ಮುಗಿದದ್ದು, ಕರೆಂಟ್ ಹೋದದ್ದು, ಬಂಗಡೆ ಸಾರು ಹುಳಿಯಾದದ್ದು ಎಲ್ಲ ಹೇಳುತ್ತಿದ್ದೆ. ಅದರಾಚೆ ಒಂದಕ್ಷರ ಇಲ್ಲ. ಅಘನಾಶಿನಿ ಹೊಳೆಯಲ್ಲಿ ಎದೆಮಟ್ಟದ ನೀರಿಗಿಳಿದು ಚಿಪ್ಪಿ ತೆಗೆದು ಬೆಳೆದವಳು ನಾನು, ಹಟ ಹಿಡಿದರೆ ಹಿಡಿದದ್ದೇ.

ಕಾರಣ ಇತ್ತು. ಮೂರು ವರ್ಷದ ಹಿಂದೆ ನನ್ನ ಅಮ್ಮ ತೀರಿಹೋದಳು. ಅಪ್ಪ ಮೊದಲೇ ಇಲ್ಲ, ಅಣ್ಣ ತಮ್ಮ ಯಾರೂ ಇಲ್ಲ. ಕಾರ್ಯ ಮುಗಿಸಿ ಕುಮಟಾದಲ್ಲಿ ಭಟ್ಕಳದ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಇವರು, ಇವರ ಬಲಕ್ಕೆ ನಾನು. ಹೊನ್ನಾವರ ದಾಟಿ ಶರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ನಾನು ಇವರ ಭುಜಕ್ಕೆ ಒರಗಿ ಮೆಲ್ಲಗೆ ಹೇಳಿದೆ: "ಇನ್ನು ನಂಗೆ ಅಂತ ಇರೂದು ನೀವೊಬ್ರೇ. ನನ್ನ ಕೈ ಬಿಡ್ಬೇಡಿ." ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾನು ಅಂಥ ಮಾತು ಆಡಿದ್ದು ಅದೊಂದೇ ಸಲ. ಈ ಮಹಾರಾಯರು ಹೊಳೆ ನೋಡುತ್ತ ಕೂತಿದ್ದರು. ಹೂಂ ಇಲ್ಲ, ಉಹೂಂ ಇಲ್ಲ. ಭಟ್ಕಳದಲ್ಲಿ ಇಳಿದ ಮೇಲೆ, "ಚಾ ಕುಡೀತಿಯಾ?" ಅಂದರು. ಚಾ ಅಂತೆ! ಅವತ್ತು ಮುಚ್ಚಿದ ಬಾಯಿ ನನ್ನದು.

ಭಟ್ಕಳದ ಬಂದರಿನಲ್ಲಿ ನನ್ನ ಗಂಡ ವೆಂಕಟ್ರಮಣ ಮೇಸ್ತ್ರಿ ಎಂದರೆ ಕಿವಿ. ದೋಣಿಯ ಇಂಜಿನ್ ಕೆಟ್ಟರೆ ಇವರು ಮೊದಲು ಬಿಚ್ಚುವುದಿಲ್ಲ, ಕೇಳುತ್ತಾರೆ. ಮೊಳದುದ್ದದ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ, "ಎರಡನೇ ನೋಜಲ್" ಅನ್ನುತ್ತಾರೆ. ಅನುಮಾನ ಬಂದರೆ ಒಂದು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನೋಜಲ್ ತೆಗೆದು ಇನ್ನೊಂದಕ್ಕೆ ಹಾಕಿ ನೋಡುತ್ತಾರೆ. ದೋಷ ನೋಜಲಿನ ಜೊತೆ ಹೋದರೆ ಕೆಟ್ಟದ್ದು ನೋಜಲ್. ಇದ್ದಲ್ಲೇ ಉಳಿದರೆ ಕೆಟ್ಟದ್ದು ಇಂಜಿನ್. ಮೂವತ್ತು ವರ್ಷದಿಂದ ಇದೇ ಪರೀಕ್ಷೆ, ಒಮ್ಮೆಯೂ ತಪ್ಪಿದ್ದಿಲ್ಲ. ಬಂದರಿನ ಇಂಜಿನ್ನುಗಳ ನರಳಾಟವೆಲ್ಲ ಕೇಳುತ್ತದೆ, ಹೆಂಡತಿಯದೊಂದು ಬಿಟ್ಟು, ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಮೊನ್ನೆ ದುಬೈಯಿಂದ ನಾದಿನಿಯ ಮಗ ಲೋಕೇಶ ರಜೆಗೆ ಬಂದ. ಅಲ್ಲಿ ಮೊಬೈಲು, ರೇಡಿಯೋ ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ. ಬರುವಾಗ ಎರಡು ಹೆಡ್‌ಫೋನ್ ತಂದಿದ್ದ, ಒಂದು ಕರಿಯದು, ಒಂದು ಬೂದಿ ಬಣ್ಣದ್ದು. ಒಂದೊಂದಕ್ಕೂ ಐವತ್ತು ಸಾವಿರ ಎಂದಾಗ ನಾನು ಕೈಯಲ್ಲಿದ್ದ ಚಾ ಲೋಟ ಕೆಳಗಿಟ್ಟೆ. ಅಷ್ಟು ದುಡ್ಡು ಕೊಟ್ಟು ಕಿವಿ ಮುಚ್ಚಿಕೊಳ್ಳುವವರೂ ಇದ್ದಾರಾ!

"ಮಾವ, ಒಂದು ಇಟ್ಕೊಂಡು ಒಂದು ಮಾರೂದು. ಯಾವುದು ಇಟ್ಕೊಳ್ಳಲಿ, ನೀನೇ ಕೇಳಿ ಹೇಳು. ನಿನ್ನಂಥ ಕಿವಿ ದುಬೈಲೂ ಇಲ್ಲ," ಎಂದು ಲೋಕೇಶ ಬೆಣ್ಣೆ ಹಚ್ಚಿದ.

ಮೊದಲು ಹಾಡು ಹಾಕಿದ. ಇವರು ಮುಖ ಕಿವುಚಿದರು. "ಹಾಡು ನಂಗೆ ಎಂತ ತಿಳೀತದೆ ಮಾರಾಯ? ಇಂಜಿನ್ ಇದ್ರೆ ಹಾಕು." ಬೆಳಿಗ್ಗೆ ಬಂದರಿನಲ್ಲಿ ಸೋಮನ ದೋಣಿಯ ಇಂಜಿನ್ ಸದ್ದನ್ನು ಲೋಕೇಶ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ, ಅದನ್ನೇ ಹಾಕಿದ. ಇವರು ಕಣ್ಣು ಮುಚ್ಚಿದರು. ಕರಿಯದು ಹಾಕಿ ಕೇಳಿದರು, ಬೂದಿಯದು ಹಾಕಿ ಕೇಳಿದರು, ಮತ್ತೆ ಕರಿಯದು.

"ಕರಿಯದರಲ್ಲಿ ಸದ್ದು ದಪ್ಪ. ಧಡ್ ಧಡ್ ಅಂಬುದೇ ಮೇಲೆ ಬಂದು ಸಣ್ಣ ಸದ್ದೆಲ್ಲ ಅಡಗಿ ಹೋಗ್ತದೆ. ಹಾಡಿಗೆ ಚಂದ ಇರ್ಬಹುದು. ಬೂದಿದು ಸಪೂರ, ಆದ್ರೆ ಎಲ್ಲ ಬೇರೆ ಬೇರೆ ಕೇಳ್ತದೆ. ವಾಲ್ವ್ ಟಿಕ್ ಟಿಕ್ ಅಂಬುದು ಸಹ. ಸೋಮನಿಗೆ ಹೇಳು, ಒಂದು ವಾಲ್ವ್ ಸಡಿಲ ಆಗಿದೆ."

ಲೋಕೇಶನಿಗೆ ಖುಷಿಯೋ ಖುಷಿ. "ಹಾಗಾದ್ರೆ ಬೂದಿದೇ ನಂಗೆ!"

"ಆದ್ರೆ ಎಂತ ಪ್ರಯೋಜನ? ನಿಂಗೆ ಟೋಪಿ ಹಾಕಿದ್ದಾರೆ. ಎರಡಕ್ಕೂ ಬಲಗಡೆ ಕೆಟ್ಟಿದೆ. ಸದ್ದೇ ಇಲ್ಲ."

ಲೋಕೇಶನ ಮುಖದ ಬಣ್ಣ ಹಾರಿಹೋಯಿತು. ಕಸಿದುಕೊಂಡು ಹಾಕಿಕೊಂಡ. "ಸರಿ ಇದೆಯಲ್ಲ ಮಾವ!" ನಾನೂ ಹಾಕಿಕೊಂಡೆ. ಅಬ್ಬಬ್ಬಾ, ಎರಡೂ ಕಡೆಯಿಂದ ಇಂಜಿನ್ ಒಳಗೆ ನುಗ್ಗಿ, ದೋಣಿ ಅಡುಗೆಮನೆಗೇ ಬಂತೇನೋ ಎಂದು ತಿರುಗಿ ನೋಡಿದೆ. "ಚೆನ್ನಾಗಿ ಕೇಳ್ತದಲ್ಲ," ಅಂದೆ.

ಇವರಿಗೆ ಸಿಟ್ಟು ಬಂತು. ಮೂವತ್ತು ವರ್ಷದಲ್ಲಿ ಇವರ ಕಿವಿಗೆ ಎದುರು ಹೇಳಿದವರಿಲ್ಲ. "ಕೊಡು ಇಲ್ಲಿ. ಅದಲು ಬದಲು ಮಾಡಿ ನೋಡುವ," ಎಂದು ಬೂದಿಯದನ್ನು ಹಿಂದುಮುಂದಾಗಿ ತಿರುಗಿಸಿ, ಬಲದ್ದು ಎಡಗಿವಿಗೆ ಬರುವಂತೆ ಹಾಕಿಕೊಂಡರು.

"ಹಾಂ, ಈಗ ಇದು ಮಾತಾಡ್ತು..."

ಅಷ್ಟು ಹೇಳಿ ನಿಲ್ಲಿಸಿದರು. ಬಲಗಿವಿಯ ಮೇಲೆ ಕೈ ಇಟ್ಟರು. ತೆಗೆದರು, ಮೊದಲಿನಂತೆ ಹಾಕಿದರು, ಮತ್ತೆ ತಿರುಗಿಸಿದರು. ಕರಿಯದನ್ನೂ ಹಾಗೆಯೇ ನೋಡಿದರು. ಆಮೇಲೆ ಎರಡನ್ನೂ ಮೆಲ್ಲಗೆ ಚಾಪೆಯ ಮೇಲಿಟ್ಟು, ದೋಣಿಯ ಯಜಮಾನನಿಗೆ ಹೇಳುವ ಧ್ವನಿಯಲ್ಲೇ ಹೇಳಿದರು:

"ದೋಷ ಇದ್ದಲ್ಲೇ ಇದೆ."

ಲೋಕೇಶ ಇವರ ಬಲಗಿವಿಯ ಹಿಂದೆ ನಿಂತು ಚಿಟಿಕೆ ಹೊಡೆದ, ನಾಲ್ಕು ಸಲ. ಇವರು ಕತ್ತು ಹೊರಳಿಸಲಿಲ್ಲ. ಯಾರಿಗೆ ಗೊತ್ತಾಗಬೇಕು? ಸ್ಕ್ರೂ ಡ್ರೈವರ್ ಯಾವಾಗಲೂ ಎಡಗಿವಿಗೇ. ಬಲಗೈಯಲ್ಲಿ ಸ್ಪ್ಯಾನರ್ ಇರುವುದರಿಂದ ಮೊಬೈಲೂ ಎಡಗಿವಿಗೇ. ಪಕ್ಕದ ದೋಣಿಗಳ ಹೊಗೆಕೊಳವೆಗಳ ಬೊಬ್ಬೆ ಅಷ್ಟೂ ವರ್ಷ ಬಲಗಿವಿಗೆ ಬಡಿದಿದೆ. ಪಾಪ, ಅದು ಯಾವಾಗ ಸತ್ತಿತೋ ಇವರಿಗೇ ತಿಳಿದಿಲ್ಲ.

ಆಗ ನನಗೆ ಬಸ್ಸು ನೆನಪಾಯಿತು. ಕಿಟಕಿ ಪಕ್ಕ ಇವರು, ಇವರ ಬಲಕ್ಕೆ ನಾನು. ಅಯ್ಯೋ ದೇವರೇ! ಎದ್ದು ಹೋಗಿ ಇವರ ಎಡಕ್ಕೆ ಕೂತೆ.

"ಅಮ್ಮನ ಕಾರ್ಯ ಮುಗಿಸಿ ಬರುವಾಗ, ಶರಾವತಿ ಸೇತುವೆ ಮೇಲೆ, ನಾ ಹೇಳಿದ್ದು ನಿಮಗೆ ಕೇಳಿತ್ತಾ?"

ಇವರು ನನ್ನನ್ನೇ ನೋಡಿದರು. "ನೀ ಎಂತ ಹೇಳ್ದೆ? ಕುಮಟಾದಿಂದ ಭಟ್ಕಳದವರೆಗೆ ಕಾದೆ ನಾನು. ಈಗ ಎಂತಾದ್ರೂ ಹೇಳ್ತಾಳೆ, ಈಗ ಅಳ್ತಾಳೆ ಅಂತ. ನೀ ಬಾಯೇ ಬಿಡ್ಲಿಲ್ಲ. ನನ್ನ ಹತ್ರ ದುಃಖ ಹೇಳ್ಕೊಳ್ಳೂಕೂ ಇವಳಿಗೆ ಮನಸ್ಸಿಲ್ಲ ಅಂತ ಆಮೇಲೆ ನಾನೂ ಸುಮ್ಮನಾದೆ."

ಮೂರು ವರ್ಷ ಈ ಮನುಷ್ಯನಿಗೆ ಮನಸ್ಸಲ್ಲೇ ಹಾಕಿದ ಶಾಪಗಳೆಲ್ಲ ಒಂದೊಂದಾಗಿ ನೆನಪಾದವು. ಅಷ್ಟೂ ದಿನ ಇವರು ನನ್ನ ಒಂದು ಮಾತಿಗೆ ಕಾಯುತ್ತಿದ್ದರು. ಲೋಕೇಶ ಇದ್ದಾನೆ ಎಂಬುದನ್ನೂ ನೋಡದೆ ಆ ಮಾತನ್ನು ಇವರ ಎಡಗಿವಿಗೆ ಹೇಳಿದೆ, ಬಸ್ಸಿನಲ್ಲಿ ಹೇಳಿದ ಹಾಗೆಯೇ. ಅರ್ಧಕ್ಕೇ ನಿಂತು, ಮತ್ತೆ ಮೊದಲಿನಿಂದ ಹೇಳಿದೆ.

ಇವರು ಇಂಜಿನ್ ಕೇಳುವಾಗಿನ ಹಾಗೆ ಕಣ್ಣು ಮುಚ್ಚಿದರು.

"ಕೇಳಿತಾ?" ಎಂದು ಗದರಿದೆ.

"ಕೇಳಿತು ಮಾರಾಯ್ತಿ," ಎಂದು ಗ್ರೀಸ್ ಮೆತ್ತಿದ ಕೈಯಿಂದ ನನ್ನ ಕೈ ಹಿಡಿದುಕೊಂಡರು. "ಇನ್ನೊಂದು ಕಿವಿಯೂ ಹೋದ್ರೆ?"

"ನಾಳೆಯೇ ಹೊನ್ನಾವರಕ್ಕೆ ಹೋಗಿ ಡಾಕ್ಟರಿಗೆ ತೋರಿಸುವ," ಅಂದೆ. "ಬಸ್ಸಲ್ಲಿ ಕಿಟಕಿ ಪಕ್ಕ ನಾನು ಕೂರೂದು. ಹೇಳೂದು ಇನ್ನೂ ಬಹಳ ಇದೆ."

"ಆತು," ಎಂದರು.